ಮೂರು ತಲೆಮಾರಿನವರೊಂದಿಗೆ ಸಿಂಗಪುರ: ಹಿರಿಯರು, ಮಕ್ಕಳು ಸೇರಿದ ವಿದೇಶ ಪ್ರವಾಸವನ್ನು ಯೋಜಿಸುವ ಬಗೆ

ಮೂರು ತಲೆಮಾರಿನವರು ಒಟ್ಟಾಗಿ ವಿದೇಶಕ್ಕೆ ಹೊರಟಾಗ ಪ್ರವಾಸದ ವೇಗವನ್ನು ನಿರ್ಧರಿಸಬೇಕಾದದ್ದು ಅಜ್ಜಿಯ ಮೊಣಕಾಲು ಮತ್ತು ಮಗುವಿನ ಮಧ್ಯಾಹ್ನದ ನಿದ್ದೆ. ಬಹಳಷ್ಟು ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ದುಡಿಯುವ ವಯಸ್ಸಿನ ಮಗನೋ ಮಗಳೋ ತಮ್ಮ ಶಕ್ತಿಗೆ ತಕ್ಕಂತೆ ನೋಡುವ ಸ್ಥಳಗಳ ಪಟ್ಟಿ ಮಾಡುತ್ತಾರೆ, ಉಳಿದವರು ಹೇಗೋ ಹೊಂದಿಕೊಳ್ಳುತ್ತಾರೆಂದು ಎಣಿಸುತ್ತಾರೆ. ಹಿರಿಯರು ಹೊಂದಿಕೊಳ್ಳುವುದೂ ನಿಜ, ಏಕೆಂದರೆ ಮಕ್ಕಳು ಇಷ್ಟು ಖರ್ಚು ಮಾಡಿ ಕರೆತಂದಿರುವಾಗ ಕಾಲು ನೋಯುತ್ತಿದೆ ಎಂದು ಬಾಯಿ ಬಿಟ್ಟು ಹೇಳಲು ಅವರಿಗೆ ಸಂಕೋಚ. ಮೂರನೆಯ ದಿನ ಕಾಲು ಊದಿಕೊಂಡಾಗಲೇ ವಿಷಯ ಹೊರಬೀಳುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನವೇ ಅತ್ತೆ, ಮಾವ, ಅಪ್ಪ, ಅಮ್ಮ, ಜೊತೆಗೆ ಬರುವ ದೊಡ್ಡಮ್ಮ, ಸೋದರತ್ತೆ ಎಲ್ಲರೊಂದಿಗೂ ಬಿಡಿಬಿಡಿಯಾಗಿ ಮಾತನಾಡಿ, ಒಂದೇ ಸಮನೆ ಎಷ್ಟು ಹೊತ್ತು ನಡೆಯಬಲ್ಲರು, ಎಷ್ಟು ಗಂಟೆಗೊಮ್ಮೆ ಶೌಚಾಲಯ ಬೇಕು, ರಾತ್ರಿ ಎಷ್ಟು ಬಾರಿ ಏಳುತ್ತಾರೆ ಎಂಬುದನ್ನು ಕೇಳಿ ತಿಳಿಯಬೇಕು. ಎಲ್ಲರ ಮುಂದೆ ಕೇಳಿದರೆ "ನನಗೇನೂ ತೊಂದರೆಯಿಲ್ಲ" ಎಂಬ ಉತ್ತರವೇ ಬರುತ್ತದೆ.

ಇಲ್ಲಿ ಸಿಂಗಪುರವನ್ನೇ ಆಯ್ದುಕೊಂಡು ವಿವರಿಸುತ್ತೇನೆ. ಹಿರಿಯರನ್ನೂ ಎಳೆಯರನ್ನೂ ಮೊದಲ ಸಲ ವಿದೇಶಕ್ಕೆ ಕರೆದೊಯ್ಯುವ ಕರ್ನಾಟಕದ ಕುಟುಂಬಕ್ಕೆ ಇದಕ್ಕಿಂತ ಅನುಕೂಲದ ಊರು ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮಾತ್ರ ಮುಂದಿರುವುದರಿಂದ ನಿದ್ದೆಯೂ ಔಷಧಿಯ ಹೊತ್ತೂ ಹೆಚ್ಚು ಏರುಪೇರಾಗುವುದಿಲ್ಲ. ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದು, ಎಂಆರ್‌ಟಿ ಎಂಬ ನಗರ ರೈಲಿನ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ, ಸಸ್ಯಾಹಾರಕ್ಕೆ ಪರದಾಡಬೇಕಾಗಿಲ್ಲ.

ಕಾಲ ಮತ್ತು ವಿಮಾನ

ಭೂಮಧ್ಯರೇಖೆಗೆ ತೀರ ಹತ್ತಿರವಿರುವ ಸಿಂಗಪುರದಲ್ಲಿ ವರ್ಷವಿಡೀ ಸೆಕೆ. ಬೆಂಗಳೂರು, ಮೈಸೂರಿನ ಒಣ ಹವೆಗೆ ಒಗ್ಗಿದವರಿಗೆ ಅಲ್ಲಿಯ ತೇವ ತುಂಬಿದ ಗಾಳಿ ಮೊದಲ ದಿನವೇ ಆಯಾಸ ತರುತ್ತದೆ. ಮಂಗಳೂರು, ಉಡುಪಿಯವರಿಗೆ ಅಷ್ಟು ಹೊಸದೆನಿಸದು. ನವೆಂಬರ್‌ನಿಂದ ಜನವರಿಯವರೆಗೆ ಮಳೆ ಹೆಚ್ಚು. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಕೆಲವು ವರ್ಷ ಇಂಡೋನೇಷ್ಯಾದ ಕಾಡು ಮತ್ತು ಜೌಗುನೆಲದ ಬೆಂಕಿಯ ಹೊಗೆ ನಗರವನ್ನು ಕವಿಯುವುದುಂಟು, ಹಾಗಾಗಿ ಆಸ್ತಮಾ ಇರುವವರು ಜೊತೆಗಿದ್ದರೆ ದಸರಾ ರಜೆಗಿಂತ ಬೇಸಿಗೆ ರಜೆಯೇ ಮೇಲು. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬರುವ ಫಾರ್ಮುಲಾ ಒನ್ ಕಾರು ಪಂದ್ಯದ ಸಮಯದಲ್ಲಿ ಹೋಟೆಲ್ ದರ ಏರುತ್ತದೆ. ಚೀನೀ ಹೊಸ ವರ್ಷದ ದಿನಗಳಲ್ಲಿ ಅನೇಕ ಅಂಗಡಿಗಳು ಮುಚ್ಚಿರುತ್ತವೆ.

ವಿಮಾನದ ಸಮಯದ ಬಗ್ಗೆ ವಿಶೇಷ ಎಚ್ಚರ ಬೇಕು. ಬೆಂಗಳೂರಿನಿಂದ ತಡರಾತ್ರಿ ಹೊರಟು ಬೆಳಗಿನ ಜಾವ ಚಾಂಗಿ ನಿಲ್ದಾಣ ತಲುಪುವ ವಿಮಾನಗಳು ಕೆಲಸಕ್ಕೆ ಹೋಗುವವರಿಗೆ ಅನುಕೂಲವೆನಿಸುತ್ತವೆ, ಒಂದು ದಿನದ ರಜೆಯೂ ಉಳಿಯುತ್ತದೆ. ಆದರೆ ಹೋಟೆಲ್ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರು ಗಂಟೆಗೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಎಪ್ಪತ್ತೈದರ ಅಜ್ಜ, ರಚ್ಚೆ ಹಿಡಿದ ಎರಡು ವರ್ಷದ ಮಗು, ಹೋಟೆಲಿನ ಮೊಗಸಾಲೆಯಲ್ಲಿ ಏಳೆಂಟು ಗಂಟೆ ಕಾಯುವುದನ್ನು ಕಲ್ಪಿಸಿಕೊಂಡರೆ ಸಾಕು, ತೀರ್ಮಾನ ತಾನಾಗಿಯೇ ಆಗುತ್ತದೆ. ಹಗಲು ವಿಮಾನ ಸಿಕ್ಕರೆ ಅದನ್ನೇ ಕೊಳ್ಳಿರಿ. ಸಿಗದಿದ್ದರೆ ಹಿಂದಿನ ರಾತ್ರಿಯಿಂದಲೇ ಕನಿಷ್ಠ ಒಂದು ಕೋಣೆಯನ್ನಾದರೂ ಕಾಯ್ದಿರಿಸಿ, ತಲುಪುವುದು ಮರುದಿನ ಬೆಳಿಗ್ಗೆ ಎಂದು ಹೋಟೆಲಿಗೆ ತಿಳಿಸಿಡಿ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಎರಡು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಆಸನವಿಲ್ಲದೆ, ತೊಡೆಯ ಮೇಲೆ ಕೂರಿಸಿಕೊಂಡು ಹೋಗುವ ಕಡಿಮೆ ದರದ ಟಿಕೆಟ್ ಇರುತ್ತದೆ. ಪ್ರವಾಸದ ನಡುವೆಯೇ ಮಗುವಿಗೆ ಎರಡು ತುಂಬುವುದಾದರೆ ಹಿಂದಿರುಗುವ ವಿಮಾನದಲ್ಲಿ ಆಸನ ಕೊಳ್ಳಲೇಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಮಗುವನ್ನು ಮಲಗಿಸುವ ತೊಟ್ಟಿಲು ಮುಂಭಾಗದ ಗೋಡೆಯೆದುರಿನ ಕೆಲವೇ ಸಾಲುಗಳಲ್ಲಿ ಸಿಗುತ್ತದೆ, ಅದಕ್ಕೆ ತೂಕದ ಮಿತಿಯೂ ಇದೆ, ಆದ್ದರಿಂದ ಟಿಕೆಟ್ ಕೊಂಡ ದಿನವೇ ವಿಮಾನ ಸಂಸ್ಥೆಗೆ ತಿಳಿಸುವುದು ಒಳಿತು. ಊಟದ ಆಯ್ಕೆಯನ್ನೂ ಆಗಲೇ ಮಾಡಿ: ಭಾರತೀಯ ಸಸ್ಯಾಹಾರ, ಜೈನ ಆಹಾರ, ಮಕ್ಕಳ ಊಟ, ಸಕ್ಕರೆ ಕಾಯಿಲೆಯವರ ಊಟ ಇವೆಲ್ಲಕ್ಕೂ ಬೇರೆ ಬೇರೆ ಸಂಕೇತಗಳಿದ್ದು, ಮುಂಗಡವಾಗಿ ಹೇಳದಿದ್ದರೆ ವಿಮಾನದಲ್ಲಿ ಸಿಗುವ ಭರವಸೆ ಇರುವುದಿಲ್ಲ.

ಕಾಗದಪತ್ರಗಳು

ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ಬಾಳುತ್ತದೆ, ಚಿಕ್ಕ ಮಕ್ಕಳದು 5 ವರ್ಷ ಮಾತ್ರ. ಹೀಗಾಗಿ ಕುಟುಂಬದಲ್ಲಿ ಅವಧಿ ಮುಗಿಯುತ್ತ ಬಂದಿರುವುದು ಹೆಚ್ಚಾಗಿ ಮಗುವಿನದೇ, ಯಾರೂ ತೆಗೆದು ನೋಡದಿರುವುದೂ ಅದನ್ನೇ. ನಮ್ಮ ಕಡೆಯ ಹಿರಿಯರಲ್ಲಿ ಇನ್ನೊಂದು ತೊಡಕು ಸಾಮಾನ್ಯ: ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ರೂಪದಲ್ಲಿ ಒಂದು ದಾಖಲೆಯಲ್ಲಿ, ಬಿಡಿಸಿ ಬರೆದ ರೂಪದಲ್ಲಿ ಇನ್ನೊಂದರಲ್ಲಿ, ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲೊಂದು, ಆಧಾರ್‌ನಲ್ಲೊಂದು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುನ್ನವೇ ಇವನ್ನು ಸರಿಪಡಿಸಿಕೊಳ್ಳಬೇಕು. ವಿಮಾನದ ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಟಿಕೆಟ್‌ನಲ್ಲಿ ಅದನ್ನು ಹೇಗೆ ತುಂಬಬೇಕೆಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಭಾರತೀಯರಿಗೆ ಸಿಂಗಪುರದ ವೀಸಾ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು; ಅಲ್ಲಿನ ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಶುಲ್ಕ ಬೇರೆ. ಸಾಮಾನ್ಯವಾಗಿ ಸಂದರ್ಶನಕ್ಕಾಗಿ ಹಿರಿಯರನ್ನು ಕಚೇರಿಗೆ ಕರೆದೊಯ್ಯಬೇಕಾಗುವುದಿಲ್ಲ ಎಂಬುದೇ ದೊಡ್ಡ ಅನುಕೂಲ. ತಲುಪುವ ದಿನವೂ ಸೇರಿ ಮೂರು ದಿನಗಳ ಒಳಗೆ ಪ್ರತಿಯೊಬ್ಬರ ಹೆಸರಿನಲ್ಲೂ, ಕೂಸಿನ ಹೆಸರಿನಲ್ಲೂ, ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ನಮೂನೆ ತುಂಬಬೇಕು. ಇದು ಉಚಿತ. ಹಣ ಕೇಳುವ ಜಾಲತಾಣ ಎದುರಾದರೆ ಅದು ಸರ್ಕಾರದ್ದಲ್ಲವೆಂದು ತಿಳಿದು ಹೊರಬನ್ನಿ. ತಂದೆತಾಯಿಯರಲ್ಲಿ ಒಬ್ಬರು ಮಾತ್ರ ಮಗುವಿನೊಂದಿಗೆ ಹೊರಟಿದ್ದರೆ, ಅಥವಾ ಅಜ್ಜ ಅಜ್ಜಿಯರೇ ಮೊಮ್ಮಕ್ಕಳನ್ನು ಕರೆದೊಯ್ಯುತ್ತಿದ್ದರೆ, ಬಾರದಿರುವವರ ಸಹಿಯುಳ್ಳ ಒಪ್ಪಿಗೆ ಪತ್ರವೂ ಮಗುವಿನ ಜನನ ಪ್ರಮಾಣಪತ್ರದ ಪ್ರತಿಯೂ ಕೈಯಲ್ಲಿರಲಿ.

ಔಷಧಿ, ವಿಮೆ, ಗಂಟುಮೂಟೆ

ಹಿರಿಯರ ಔಷಧಿಯ ವಿಷಯದಲ್ಲಿ ಮೈಗಳ್ಳತನ ಸಲ್ಲದು. ಹೊರಡುವ ಒಂದು ತಿಂಗಳು ಮುಂಚೆ ಅವರ ವೈದ್ಯರನ್ನು ಕಂಡು, ಔಷಧಿಯ ಮೂಲ ಹೆಸರು ಮತ್ತು ಪ್ರಮಾಣವನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದ ಚೀಟಿಯನ್ನು ಪಡೆಯಬೇಕು, ಏಕೆಂದರೆ ನಮ್ಮಲ್ಲಿಯ ಬ್ರ್ಯಾಂಡ್ ಹೆಸರು ಅಲ್ಲಿಯ ಔಷಧಿ ಅಂಗಡಿಗೆ ಗೊತ್ತಿರುವುದಿಲ್ಲ. ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚು ಸಾಲುವಷ್ಟು ಮಾತ್ರೆಗಳನ್ನು ಅವುಗಳ ಮೂಲ ಹೊದಿಕೆಯಲ್ಲೇ ಇಟ್ಟುಕೊಂಡು, ಎಲ್ಲವನ್ನೂ ಕೈಚೀಲದಲ್ಲಿ ಒಯ್ಯಿರಿ. ಇನ್ಸುಲಿನ್ ಅನ್ನಂತೂ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಇಡಲೇಬಾರದು. ಸರಕಿನ ಭಾಗದ ಶೀತದಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಕೆಲವು ನಿದ್ದೆ ಮಾತ್ರೆಗಳು, ಕೊಡೀನ್ ಬೆರೆತ ಕೆಮ್ಮಿನ ಔಷಧಿಗಳು ಸಿಂಗಪುರದಲ್ಲಿ ನಿಯಂತ್ರಣಕ್ಕೆ ಒಳಪಟ್ಟಿವೆ. ಅಂಥವು ಇದ್ದರೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಚ್‌ಎಸ್‌ಎಯ ಜಾಲತಾಣದಲ್ಲಿ ಹೆಸರು ಹುಡುಕಿ, ಅನುಮತಿ ಬೇಕಿದ್ದರೆ ಹೊರಡುವ ಮೊದಲೇ ಅರ್ಜಿ ಹಾಕಿ.

ತಂಬಾಕಿನ ವಿಷಯ ಅನೇಕರಿಗೆ ಹೊಳೆಯುವುದಿಲ್ಲ. ಜಗಿಯುವ ತಂಬಾಕಿಗೆ ಸಿಂಗಪುರದಲ್ಲಿ ನಿಷೇಧವಿದೆ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸವಿರುವ ಹಿರಿಯರ ಸಂಚಿಯನ್ನು ಹೊರಡುವ ಮುನ್ನ ಅವರ ಒಪ್ಪಿಗೆ ಪಡೆದು ಪರೀಕ್ಷಿಸಿ, ಅದನ್ನು ಮನೆಯಲ್ಲೇ ಬಿಡುವಂತೆ ತಿಳಿಹೇಳಬೇಕು. ರಸ್ತೆಯಲ್ಲಿ ಉಗುಳುವುದಕ್ಕೂ ಅಲ್ಲಿ ದಂಡವಿದೆ. ಚ್ಯೂಯಿಂಗ್ ಗಮ್ ತೆಗೆದುಕೊಂಡು ಹೋಗುವಂತಿಲ್ಲ, ಮಕ್ಕಳ ಚೀಲವನ್ನೂ ನೋಡಿ.

ವಿಮೆಯನ್ನು ಅಗ್ಗದ ಕಂತು ನೋಡಿ ಕೊಳ್ಳಬೇಡಿ. ಸಿಂಗಪುರದ ಆಸ್ಪತ್ರೆ ಖರ್ಚು ಬಲು ದುಬಾರಿ. ಹಿರಿಯರಿಗೆ ಈಗಾಗಲೇ ಇರುವ ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆಗಳನ್ನು ಮುಚ್ಚಿಡದೆ ಘೋಷಿಸಿ, ಅವುಗಳಿಂದ ಉಂಟಾಗುವ ತುರ್ತು ಚಿಕಿತ್ಸೆಗೂ ರಕ್ಷಣೆ ಇರುವ ಪಾಲಿಸಿಯನ್ನೇ ಆರಿಸಬೇಕು. ಮುಚ್ಚಿಟ್ಟರೆ ಪಾಲಿಸಿ ಇದ್ದೂ ಹಣ ಬಾರದು. ಇತ್ತೀಚೆಗೆ ಕಣ್ಣಿನ ಪೊರೆಯೋ ಬೇರಾವುದೋ ಶಸ್ತ್ರಚಿಕಿತ್ಸೆ ಆಗಿದ್ದರೆ ವಿಮಾನಯಾನಕ್ಕೆ ಯೋಗ್ಯರೆಂಬ ವೈದ್ಯರ ಪತ್ರ ಬೇಕಾಗಬಹುದು.

ತಿಂಡಿ ಕಟ್ಟುವಾಗ ಒಣಕೊಬ್ಬರಿಯ ಗಿಟುಕನ್ನು ಬಿಟ್ಟುಬಿಡಿ. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿಡಿ. ಚಟ್ನಿಪುಡಿ, ಹುರಿಹಿಟ್ಟು, ಗೊಜ್ಜವಲಕ್ಕಿ ಮಿಶ್ರಣ, ಮಗುವಿಗೆ ರಾಗಿಸರಿ ಪುಡಿ, ಇವು ಬಿಸಿನೀರೊಂದಿದ್ದರೆ ಊಟವಾಗುತ್ತವೆ, ಬಹುತೇಕ ಹೋಟೆಲ್ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅಲ್ಲಿನ ಪ್ಲಗ್‌ಗಳಿಗೆ ಮೂರು ಚೌಕ ಪಿನ್‌ಗಳು, ನಮ್ಮ ದುಂಡು ಪಿನ್ ಹಿಡಿಯುವುದಿಲ್ಲ. ನೆಬ್ಯುಲೈಸರ್‌ನಂಥ ಯಂತ್ರ ಬಳಸುವವರಿದ್ದರೆ ಅಡಾಪ್ಟರ್ ಎರಡಿರಲಿ.

ವಿಮಾನ ನಿಲ್ದಾಣದಲ್ಲಿ

ವೀಲ್‌ಚೇರ್ ಬೇಕೆಂದು ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಬೇಕು. ದೂರ ನಡೆಯಲಾರರು ಆದರೆ ಮೆಟ್ಟಿಲು ಹತ್ತಬಲ್ಲರು, ಮೆಟ್ಟಿಲನ್ನೂ ಹತ್ತಲಾರರು, ಆಸನದವರೆಗೂ ಎತ್ತಿಯೇ ಒಯ್ಯಬೇಕು ಎಂಬ ಮೂರು ಬಗೆಗಳಿದ್ದು, ಸರಿಯಾದುದನ್ನೇ ಹೇಳಬೇಕು. ಅನೇಕ ಹಿರಿಯರು "ನಾನೇನು ರೋಗಿಯೇ?" ಎಂದು ವೀಲ್‌ಚೇರ್ ಒಲ್ಲೆನ್ನುತ್ತಾರೆ. ಅವರನ್ನು ಗದರಿಸುವ ಬದಲು, ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಾಗಲಿ ಚಾಂಗಿಯಲ್ಲಾಗಲಿ ನಡೆಯಬೇಕಾದ ದೂರ ಬಹಳವೆಂದೂ, ಕಾಲಿನ ಶಕ್ತಿಯನ್ನು ಊರು ನೋಡಲು ಉಳಿಸಿಕೊಳ್ಳುವುದಕ್ಕಾಗಿ ಈ ಏರ್ಪಾಡೆಂದೂ ಮನೆಯಲ್ಲೇ ಸಮಾಧಾನವಾಗಿ ವಿವರಿಸಿ. ವೀಲ್‌ಚೇರ್ ತಳ್ಳುವ ಸಿಬ್ಬಂದಿ ಬೇರೆ ದಾರಿಯಲ್ಲಿ ಕರೆದೊಯ್ಯಬಹುದಾದ್ದರಿಂದ ಪ್ರತಿಯೊಬ್ಬ ಹಿರಿಯರ ಜೊತೆಗೂ ಮನೆಯ ಒಬ್ಬರು ನಡೆಯಬೇಕು, ಅವರವರ ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸ್ ಅವರವರ ಬಳಿಯೇ ಇರಬೇಕು. ಎಲ್ಲರ ಪಾಸ್‌ಪೋರ್ಟುಗಳನ್ನೂ ಒಬ್ಬರೇ ಹಿಡಿದುಕೊಂಡರೆ ಗುಂಪು ಚದುರಿದಾಗ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ವಿಮಾನ ಏರುವಾಗಲೂ ಇಳಿಯುವಾಗಲೂ ಮಗುವಿಗೆ ಹಾಲು ಕುಡಿಸುತ್ತಿದ್ದರೆ ನುಂಗುವ ಕ್ರಿಯೆಯಿಂದ ಕಿವಿಯ ಒತ್ತಡ ಸಡಿಲವಾಗುತ್ತದೆ. ಹಿರಿಯರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಕೂರದಿರಲಿ. ಒಳಸಾಲಿನ ಬದಲು ನಡೆದಾಡುವ ದಾರಿಯ ಪಕ್ಕದ ಆಸನವನ್ನೇ ಅವರಿಗೆ ಕೊಡಿಸಿ. ಚಾಂಗಿಯಲ್ಲಿ ಆರು ವರ್ಷ ಮೇಲ್ಪಟ್ಟವರು ಸ್ವಯಂಚಾಲಿತ ಗೇಟುಗಳ ಮೂಲಕ ಹೋಗಬಹುದಾದರೂ, ಅದಕ್ಕಿಂತ ಚಿಕ್ಕವರಿರುವ ಕುಟುಂಬ ಸಿಬ್ಬಂದಿ ಇರುವ ಕೌಂಟರಿಗೇ ಹೋಗುವುದು ಸರಿ.

ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ಮನೆಯೊಂದನ್ನು ಬಾಡಿಗೆಗೆ ಹಿಡಿದು ಅಡುಗೆ ಮಾಡಿಕೊಳ್ಳೋಣವೆಂಬ ಯೋಚನೆ ದೊಡ್ಡ ಕುಟುಂಬಕ್ಕೆ ಸಹಜವಾಗಿಯೇ ಬರುತ್ತದೆ. ಸಿಂಗಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಕಾನೂನುಬಾಹಿರ. ಹಾಗಾಗಿ ಪರವಾನಗಿ ಪಡೆದ ಹೋಟೆಲ್ ಅಥವಾ ಸರ್ವೀಸ್ ಅಪಾರ್ಟ್‌ಮೆಂಟ್ ಮಾತ್ರ ದಾರಿ. ಕೋಣೆಗಳು ಚಿಕ್ಕವು, ನಡುವೆ ಬಾಗಿಲಿರುವ ಜೋಡಿ ಕೋಣೆಗಳನ್ನು ಕೇಳಿ ಪಡೆಯಿರಿ, ಸ್ನಾನದ ಕೋಣೆಯಲ್ಲಿ ಹತ್ತಿ ಇಳಿಯಬೇಕಾದ ಟಬ್ ಇದೆಯೇ ಎಂದು ವಿಚಾರಿಸಿ. ಟಬ್ಬಿನ ಅಂಚು ದಾಟುವಾಗ ಹಿರಿಯರು ಜಾರಿ ಬೀಳುವ ಭಯವಿರುತ್ತದೆ.

ನನ್ನ ಆಯ್ಕೆ ಲಿಟಲ್ ಇಂಡಿಯಾ ಮತ್ತು ಅದರ ಪಕ್ಕದ ಫ್ಯಾರರ್ ಪಾರ್ಕ್. ಸೆರಾಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಎಂಬ ಸಸ್ಯಾಹಾರಿ ಹೋಟೆಲ್ ಇದೆ, ನಮ್ಮ ಎಂಟಿಆರ್‌ನ ಶಾಖೆಯೂ ಇದೆ; ಬೆಳಿಗ್ಗೆ ಎದ್ದ ಕೂಡಲೇ ಕಾಫಿ, ಇಡ್ಲಿ ಕಾಲ್ನಡಿಗೆಯ ದೂರದಲ್ಲಿ ಸಿಕ್ಕರೆ ಹಿರಿಯರ ಅರ್ಧ ಆತಂಕ ಕಳೆಯುತ್ತದೆ. ವೀರಮಾಕಾಳಿಯಮ್ಮನ್ ದೇವಸ್ಥಾನವೂ ಶ್ರೀನಿವಾಸ ಪೆರುಮಾಳ್ ದೇವಸ್ಥಾನವೂ ಅದೇ ರಸ್ತೆಯಲ್ಲಿವೆ. ಇನ್ನೂ ಮುಖ್ಯವಾದ ಕಾರಣವೆಂದರೆ ಮಕ್ಕಳ ತುರ್ತು ಚಿಕಿತ್ಸೆಗೆ ಹೆಸರಾದ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಲಿಟಲ್ ಇಂಡಿಯಾದ ಅಂಚಿನಲ್ಲೇ ಇದೆ, ದೊಡ್ಡವರಿಗೆ ಟಾನ್ ಟಾಕ್ ಸೆಂಗ್ ಆಸ್ಪತ್ರೆಯೂ ದೂರವಲ್ಲ. ತುರ್ತು ಆಂಬುಲೆನ್ಸಿಗೆ 995 ಕರೆ ಮಾಡಬೇಕು; ಈ ಸಂಖ್ಯೆಯನ್ನೂ ಹೋಟೆಲ್ ವಿಳಾಸವನ್ನೂ ಬರೆದ ಚೀಟಿ ಪ್ರತಿ ಹಿರಿಯರ ಜೇಬಿನಲ್ಲೂ, ಪ್ರತಿ ಮಗುವಿನ ಕೈಪಟ್ಟಿಯಲ್ಲೂ ಇರಲಿ. ಭಾನುವಾರ ಸಂಜೆ ಈ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಂದು ವೀಲ್‌ಚೇರ್ ಮತ್ತು ಮಗುವಿನ ಗಾಡಿಯೊಂದಿಗೆ ಹೊರಡಬೇಡಿ.

ರೈಲಿನಲ್ಲಿ 0.9 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳು ಟಿಕೆಟ್ ಪಡೆದ ದೊಡ್ಡವರೊಂದಿಗೆ ಉಚಿತವಾಗಿ ಪ್ರಯಾಣಿಸಬಹುದು. ನಿಲ್ದಾಣದಲ್ಲಾಗಲಿ ಬೋಗಿಯಲ್ಲಾಗಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ಅವಕಾಶವಿಲ್ಲ, ದಂಡ ಬೀಳುತ್ತದೆ. ಮಗುವಿಗೆ ತಿನ್ನಿಸುವುದನ್ನು ಒಳಹೋಗುವ ಮುನ್ನವೇ ಮುಗಿಸಿ. ಬಾಗಿಲು ಮುಚ್ಚಿ ಯಾರಾದರೂ ಹಿಂದುಳಿದರೆ, ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಬೇಕು, ಹಿಂದುಳಿದವರು ನಂತರದ ರೈಲಿನಲ್ಲಿ ಅಲ್ಲಿಗೆ ಬರಬೇಕು ಎಂಬ ನಿಯಮವನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಕೊಡಿ. ಕಾರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಆಸನ ಕಡ್ಡಾಯ. ಟ್ಯಾಕ್ಸಿಗಳಿಗೆ ಇದರಿಂದ ವಿನಾಯಿತಿ ಇದೆ, ಆಪ್ ಮೂಲಕ ಕರೆಸುವ ಖಾಸಗಿ ಬಾಡಿಗೆ ಕಾರುಗಳಿಗೆ ಇಲ್ಲ. ಆದ್ದರಿಂದ ಗ್ರ್ಯಾಬ್ ಆಪ್‌ನಲ್ಲಿ ಮಕ್ಕಳ ಆಸನವಿರುವ ವಾಹನವನ್ನೇ ಆರಿಸಿ, ಇಲ್ಲವೇ ಟ್ಯಾಕ್ಸಿ ಹಿಡಿಯಿರಿ. ವಿನಾಯಿತಿ ಕಾನೂನಿನದು, ಅಪಘಾತದ್ದಲ್ಲ. ಸಾಧ್ಯವಿದ್ದಾಗಲೆಲ್ಲ ಆಸನವಿರುವ ವಾಹನವೇ ಲೇಸು.

ದಿನಚರಿ

ದಿನಕ್ಕೆ ಒಂದೇ ದೊಡ್ಡ ಸ್ಥಳ, ಅದೂ ಬೆಳಿಗ್ಗೆ. ಹನ್ನೆರಡರ ಹೊತ್ತಿಗೆ ಹೋಟೆಲಿಗೆ ಮರಳಿ ಊಟ, ನಿದ್ದೆ. ಸಂಜೆ ಐದರ ನಂತರ ಹತ್ತಿರದ್ದೊಂದು ಚಿಕ್ಕ ಸುತ್ತು. ಮಧ್ಯಾಹ್ನ ಸುರಿಯುವ ಮಳೆಯೂ ಇದರಿಂದ ತಪ್ಪುತ್ತದೆ. ಮಂಡಾಯಿಯ ಮೃಗಾಲಯದಲ್ಲಿ ಒಳಗೆ ಓಡಾಡಲು ಟ್ರಾಮ್ ಇದೆ, ವೀಲ್‌ಚೇರ್ ಬಾಡಿಗೆಗೂ ಸಿಗುತ್ತದೆ. ಗಾರ್ಡನ್ಸ್ ಬೈ ದಿ ಬೇ ಉದ್ಯಾನದ ಕ್ಲೌಡ್ ಫಾರೆಸ್ಟ್ ಎಂಬ ಗಾಜಿನ ಮನೆಯ ಒಳಗೆ ತಂಪಾಗಿರುತ್ತದೆ, ಲಿಫ್ಟ್‌ನಲ್ಲಿ ಮೇಲಕ್ಕೆ ಹೋಗಿ ನಿಧಾನವಾಗಿ ಇಳಿದು ಬರಬಹುದು. ಸಂಜೆ ಹೊರಗಿನ ದೈತ್ಯ ಕೃತಕ ಮರಗಳ ಬಳಿ ನಡೆಯುವ ಬೆಳಕಿನ ಪ್ರದರ್ಶನಕ್ಕೆ ಹಣವಿಲ್ಲ. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೊಟಾನಿಕ್ ಗಾರ್ಡನ್ಸ್‌ಗೂ ಪ್ರವೇಶ ಉಚಿತ, ಅದರೊಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಹಿರಿಯರು ಮರದ ನೆರಳಿನ ಬೆಂಚಿನಲ್ಲಿ ಕುಳಿತಿರಬಹುದು, ಮಕ್ಕಳು ಜೇಕಬ್ ಬಾಲಸ್ ಮಕ್ಕಳ ತೋಟದಲ್ಲಿ ಆಡಬಹುದು. ಲಾಲ್‌ಬಾಗ್ ಪ್ರೀತಿಸುವವರಿಗೆ ಒಂದು ಬೆಳಗು ಇಲ್ಲಿ ಕಳೆಯುವುದು ಸೆಂಟೋಸಾ ಎಂಬ ಮನರಂಜನಾ ದ್ವೀಪದ ಒಂದು ದಿನಕ್ಕಿಂತ ಹೆಚ್ಚು ಹಿತವೆನಿಸುತ್ತದೆ.

ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂಬ ಹಟವನ್ನು ಬಿಡಬೇಕು. ಒಂದು ಸಂಜೆ ಹದಿಹರೆಯದವರು ಚಿಕ್ಕಪ್ಪನ ಜೊತೆ ನೈಟ್ ಸಫಾರಿಗೆ ಹೋಗಲಿ, ಹಿರಿಯರು ದೇವಸ್ಥಾನಕ್ಕೆ ಹೋಗಿ ಬೇಗ ಮಲಗಲಿ. ಅದೇ ರೀತಿ ಮಗುವಿನ ತಾಯಿಗೂ ಬಿಡುವು ಸಿಗಬೇಕು. ನಮ್ಮ ಕುಟುಂಬ ಪ್ರವಾಸಗಳಲ್ಲಿ ಮಗುವಿಗೆ ಉಣಿಸುವುದು, ಅತ್ತೆಯ ಮಾತ್ರೆ ನೆನಪಿಸುವುದು, ಎಲ್ಲರ ಬಟ್ಟೆ ಜೋಡಿಸುವುದು ಇವೆಲ್ಲ ಸೊಸೆಯ ಪಾಲಿಗೇ ಬೀಳುತ್ತವೆ, ಅವಳಿಗೆ ಊರು ನೋಡಿದ ನೆನಪೇ ಉಳಿಯುವುದಿಲ್ಲ. ಇದು ಅನ್ಯಾಯ. ಹೊರಡುವ ಮೊದಲೇ ಮಾತ್ರೆಗಳು ಒಬ್ಬರ ಹೊಣೆ, ಕಾಗದಪತ್ರ ಇನ್ನೊಬ್ಬರದು, ಮಗುವಿನ ಬೆಳಗಿನ ಪಾಳಿ ತಂದೆಯದು ಎಂದು ಹೆಸರು ಹಿಡಿದು ಹಂಚಿಬಿಡಿ.

ಖರ್ಚಿನ ಮಾತನ್ನೂ ಮೊದಲೇ ಮುಗಿಸಬೇಕು. ಅಣ್ಣ ತಮ್ಮಂದಿರು ಸೇರಿ ಹೊರಟಿದ್ದರೆ ಹಿರಿಯರ ಟಿಕೆಟ್, ವಿಮೆ, ಊಟಗಳ ಖರ್ಚನ್ನು ಯಾರು ಎಷ್ಟು ಭರಿಸುತ್ತಾರೆಂಬುದು ಸ್ಪಷ್ಟವಾಗಿರಲಿ. ಒಂದು ಕಾಫಿಯ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿ, ಬೇಡವೆಂದು ಹಸಿದೇ ಇರುವ ಹಿರಿಯರು ಬಹಳ ಮಂದಿ ಇದ್ದಾರೆ. ಅವರ ಮುಂದೆ ಬಿಲ್ಲಿನ ಲೆಕ್ಕ ಮಾಡಬೇಡಿ. ಅವರ ಕೈಗೇ ಸ್ವಲ್ಪ ಸಿಂಗಪುರ ಡಾಲರ್ ಕೊಟ್ಟಿಟ್ಟರೆ ಮೊಮ್ಮಕ್ಕಳಿಗೆ ತಾವೇ ಏನಾದರೂ ಕೊಡಿಸುವ ಸಂತೋಷ ಅವರಿಗಿರುತ್ತದೆ.

ಹಿಂದಿರುಗುವ ದಿನ ಬೇರೆ ಕಾರ್ಯಕ್ರಮವಿಡಬೇಡಿ. ಚಾಂಗಿಯ ಜ್ಯುವೆಲ್ ಕಟ್ಟಡದಲ್ಲಿ 40 ಮೀಟರ್ ಎತ್ತರದಿಂದ ಬೀಳುವ ಜಲಪಾತವನ್ನು ಚೆಕ್‌ಇನ್‌ಗೆ ಮುಂಚೆ ನೋಡಬಹುದು, ಅಲ್ಲಿ ಕುಳಿತುಕೊಳ್ಳಲು ಜಾಗವೂ ಇದೆ. ಹಿಂತಿರುಗುವ ಪ್ರಯಾಣಕ್ಕೂ ವೀಲ್‌ಚೇರ್ ಕೋರಿಕೆ ದಾಖಲಾಗಿದೆಯೇ ಎಂದು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ. ಬೆಂಗಳೂರು ತಲುಪಿದ ಮರುದಿನವನ್ನು ಮಕ್ಕಳ ಶಾಲೆಗೂ ನಿಮ್ಮ ಕಚೇರಿಗೂ ರಜೆಯಾಗಿಯೇ ಇಟ್ಟು, ಅಂದು ಹಿರಿಯರ ರಕ್ತದೊತ್ತಡ ಮತ್ತು ಸಕ್ಕರೆಯ ಮಟ್ಟವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.